ಮೌಂಟ್ ರಶ್‌ಮೋರ್‌ಗೆ ಬೆಳಗ್ಗೆಯೇ ಹೋಗಿ

ಶಿಕಾಗೋ ಕಡೆಯಿಂದ ಐ-90 ಹೆದ್ದಾರಿ ಹಿಡಿದು ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ಕಾರಲ್ಲಿ ಹೊರಟವರು ದಾರಿಯಲ್ಲಿ, ಸೌತ್ ಡಕೋಟಾ ರಾಜ್ಯದಲ್ಲಿ, ಅಮೆರಿಕದ ನಾಲ್ವರು ಅಧ್ಯಕ್ಷರ ಮುಖ ಕೆತ್ತಿರುವ ರಶ್‌ಮೋರ್ ಬೆಟ್ಟ ನೋಡೇ ನೋಡುತ್ತೀರಿ, ಅಲ್ವಾ? ಪ್ರವೇಶಕ್ಕೆ ದುಡ್ಡಿಲ್ಲ, ಪಾರ್ಕಿಂಗ್‌ಗೆ ಇದೆ. ನ್ಯಾಷನಲ್ ಪಾರ್ಕ್‌ಗಳ ವಾರ್ಷಿಕ ಪಾಸ್ ಇದ್ದರೂ ಪಾರ್ಕಿಂಗ್ ದುಡ್ಡು ಬೇರೆ ಕಟ್ಟಬೇಕು.

ಮುಖಗಳು ಆಗ್ನೇಯಕ್ಕೆ ತಿರುಗಿವೆ. ಬೆಳಗಿನ ಬಿಸಿಲು ನೇರ ಬೀಳುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಮಧ್ಯಾಹ್ನದ ಮೇಲೆ ನೆರಳು. ಒಂದೊಂದು ಮುಖ 60 ಅಡಿ ಎತ್ತರ. ಆದರೂ ದೂರದಿಂದ ನೋಡಿದಾಗ 'ಇಷ್ಟೇನಾ?' ಅನಿಸಬಹುದು. ನನಗಂತೂ ಅನಿಸಿತು. ಸುಮ್ನೆ ಸೆಲ್ಫಿ ತೆಗೆದು ವಾಪಸ್ ಬರಬೇಡಿ. ಪ್ರೆಸಿಡೆನ್ಷಿಯಲ್ ಟ್ರೇಲ್ ಅನ್ನುವ ಕಾಲುದಾರಿ ಹಿಡಿದು ಬೆಟ್ಟದ ಬುಡದ ಹತ್ತಿರ ನಡೆದು ಹೋಗಿ, ಆಗ ಗಾತ್ರ ಗೊತ್ತಾಗುತ್ತದೆ. ಮೆಟ್ಟಿಲು ಮಾತ್ರ ಜಾಸ್ತಿ. ಊರಿಂದ ಬಂದ ಅಪ್ಪ ಅಮ್ಮನಿಗೆ ಮಂಡಿನೋವಿದ್ದರೆ ಅವರು ಮೇಲಿನ ವೀಕ್ಷಣಾ ಕಟ್ಟೆಯಿಂದಲೇ ನೋಡಲಿ.

ಶಿಲ್ಪಿ ಬೋರ್ಗ್ಲಮ್ ಅವರ ಸ್ಟುಡಿಯೋದಲ್ಲಿರುವ ಮಾದರಿ ನೋಡಿ. ಸೊಂಟದವರೆಗೂ ಕೆತ್ತುವ ಯೋಚನೆ ಇತ್ತು. 1927ರಲ್ಲಿ ಶುರುವಾದ ಕೆಲಸ 1941ರಲ್ಲಿ ನಿಂತಿತು. ಈ ಬೆಟ್ಟಗಳು ಇಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರಿಗೆ ಪವಿತ್ರ ಜಾಗ ಅನ್ನುವುದನ್ನೂ ಮಕ್ಕಳಿಗೆ ಹೇಳಿ.

ಇನ್ನೊಂದು ವಿಷಯ. ಸೌತ್ ಡಕೋಟಾದ ನಡುವೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಹೋಟೆಲ್ ಚೆಕ್-ಇನ್ ಲೆಕ್ಕ ಹಾಕುವಾಗ ನೆನಪಿರಲಿ.