ಹಳೆಯ ಎಕ್ಸ್‌ಟಿಗೆ ಡಿಸ್‌ಪ್ಲೇ ಕಾರ್ಡ್ ಹುಡುಕಿದ ಕಥೆ

ನನ್ನ ಹತ್ತಿರ ಇರುವುದು ಎಂಬತ್ತರ ದಶಕದ ಕಂಪ್ಯೂಟರ್ ಐಬಿಎಂ ಪಿಸಿ ಎಕ್ಸ್‌ಟಿಯ ಒಂದು ಕ್ಲೋನ್, ಅಂದರೆ ನಕಲು. 8088 ಪ್ರೊಸೆಸರ್, 640 ಕೆಬಿ ಮೆಮೊರಿ, ಕಾರ್ಡ್ ಸಿಕ್ಕಿಸುವ ಎಂಟು ಸ್ಲಾಟು, ಎಲ್ಲವೂ 8 ಬಿಟ್‌ನವು. ಗುಜರಿಯಿಂದ ಬರುವ ಇಂಥ ಪೆಟ್ಟಿಗೆಗಳಲ್ಲಿ ಆಗುವ ಹಾಗೆ ಇದರಲ್ಲೂ ಪರದೆಗೆ ಚಿತ್ರ ಕಳಿಸುವ ಡಿಸ್‌ಪ್ಲೇ ಕಾರ್ಡ್ ಇರಲಿಲ್ಲ, ಮಾನಿಟರೂ ಇರಲಿಲ್ಲ. ಮದರ್‌ಬೋರ್ಡಿನಲ್ಲೇ ಮಾನಿಟರ್ ಸಿಕ್ಕಿಸುವ ವಿಜಿಎ ಪೋರ್ಟ್ ಇರುವ ಕಾಲದ ಯಂತ್ರ ಇದಲ್ಲ. ಕಾರ್ಡ್ ಇಲ್ಲದಿದ್ದರೆ ಬೀಪ್ ಕೇಳುತ್ತದೆ, ಅಷ್ಟೇ.

ಇಂಥ ಯಂತ್ರ ಸಿಕ್ಕಿದ ತಕ್ಷಣ ಎಲ್ಲರೂ ಕಾರ್ಡ್ ಹುಡುಕೋಕೆ ಹೊರಡುತ್ತಾರೆ. ನಾನು ಮೊದಲು ಹುಡುಕಿದ್ದು ಮಾನಿಟರ್. ಕಾರ್ಡ್ ಹೇಗಾದರೂ ಸಿಗುತ್ತೆ. ಅದಕ್ಕೆ ಹೊಂದುವ ಮಾನಿಟರ್ ಸಿಗೋದೇ ಕಷ್ಟ.

1981ರಲ್ಲಿ ಐಬಿಎಂ ಪಿಸಿ ಬಂದಾಗ ಡಿಸ್‌ಪ್ಲೇ ಕಾರ್ಡಿನಲ್ಲಿ ಆಯ್ಕೆ ಇದ್ದದ್ದು ಎರಡೇ, ಎಂಡಿಎ ಮತ್ತು ಸಿಜಿಎ. ಎಂಡಿಎ ಬರೀ ಅಕ್ಷರಕ್ಕೆ: 80 ಕಾಲಂ, 25 ಸಾಲು, ಒಂದೇ ಬಣ್ಣ, ಆದರೆ ಅಕ್ಷರ ಬಹಳ ಚೆಂದ. ಸಿಜಿಎಯಲ್ಲಿ ಚಿತ್ರವೂ ಬರುತ್ತದೆ, 320x200ರಲ್ಲಿ ನಾಲ್ಕು ಬಣ್ಣ, ಆದರೆ ಅಕ್ಷರ ಒರಟು. 1982ರಲ್ಲಿ ಹರ್ಕ್ಯುಲಿಸ್ ಕಾರ್ಡ್ ಬಂತು. ಎಂಡಿಎ ಮಾನಿಟರಿನಲ್ಲೇ 720x348 ಚುಕ್ಕಿಗಳ ಗ್ರಾಫಿಕ್ಸ್ ಕೊಟ್ಟಿತು. ನಮ್ಮಲ್ಲಿ ಆಗ ಆಫೀಸು, ಕಾಲೇಜುಗಳಲ್ಲಿ ಕಪ್ಪು ಪರದೆಯ ಮೇಲೆ ಹಸಿರೋ ಕಿತ್ತಳೆಯೋ ಅಕ್ಷರ ನೋಡಿದವರು ನೋಡಿದ್ದು ಹೆಚ್ಚಾಗಿ ಹರ್ಕ್ಯುಲಿಸ್ ನಕಲನ್ನೇ. ಆಮೇಲೆ ಬಂದ ಕಾರ್ಡುಗಳು 1984ರಲ್ಲಿ ಇಜಿಎ, 1987ರಲ್ಲಿ ವಿಜಿಎ.

ಈಗ ಮುಖ್ಯ ವಿಷಯ. ಎಂಡಿಎ, ಹರ್ಕ್ಯುಲಿಸ್, ಸಿಜಿಎ, ಇಜಿಎ ಎಲ್ಲದಕ್ಕೂ ಹಿಂದೆ ಇರುವುದು ಅದೇ ಒಂಬತ್ತು ಪಿನ್ನಿನ ಕನೆಕ್ಟರ್. ಯಾವ ಕೇಬಲ್ ಯಾವುದಕ್ಕಾದರೂ ಕೂರುತ್ತದೆ! ಆದರೆ ಒಳಗಿನ ಸಿಗ್ನಲ್, ಅಂದರೆ ಪರದೆಯ ಮೇಲೆ ಸಾಲು ಎಳೆಯುವ ವೇಗ, ಬೇರೆ ಬೇರೆ. ಎಂಡಿಎ ಮತ್ತು ಹರ್ಕ್ಯುಲಿಸ್ ಸುಮಾರು 18.4 ಕಿಲೋಹರ್ಟ್ಸ್, ಸಿಜಿಎ 15.7, ಇಜಿಎಯ ಹೈ ರೆಸಲ್ಯೂಶನ್ 21.8. ಐಬಿಎಂನ ಹಸಿರು ಮಾನಿಟರ್ 5151ಕ್ಕೆ ಸಿಜಿಎ ಸಿಗ್ನಲ್ ಕೊಟ್ಟರೆ ಅದು ಸುಟ್ಟೇ ಹೋಗಬಹುದು. ಅಂಗಡಿಯವರು "ಪಿನ್ ಹೊಂದುತ್ತೆ ಸಾರ್, ಹಾಕ್ಕೊಳ್ಳಿ" ಅಂದರೆ ಸುಮ್ನೆ ನಕ್ಕು ಬನ್ನಿ.

ಸಿಜಿಎಯಲ್ಲಿ ಇನ್ನೊಂದು ದಾರಿ ಇದೆ. ಕಾರ್ಡಿನ ಹಿಂದೆ ಟಿವಿಗೆ ಹಾಕುವಂಥ ಕಾಂಪೋಸಿಟ್ ಜ್ಯಾಕ್ ಇರುತ್ತದೆ. ಆದರೆ ಅದು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ ಸಿಗ್ನಲ್, ನಮ್ಮ ಪದ್ಧತಿ ಪಾಲ್. ಹಳೆಯ ಪಾಲ್ ಟಿವಿಯಲ್ಲಿ ಬಣ್ಣ ಬರುವುದಿಲ್ಲ, ಎರಡೂ ತಿಳಿಯುವ ಟಿವಿಯಾದರೆ ಬರುತ್ತದೆ. ಬಂದರೂ 80 ಕಾಲಂ ಅಕ್ಷರ ಓದುವುದು ಕಣ್ಣಿಗೆ ಶಿಕ್ಷೆ. ಆಟಕ್ಕೆ ಪರವಾಗಿಲ್ಲ, ಕೆಲಸಕ್ಕೆ ಬೇಡ.

ಇಜಿಎಯನ್ನು ನಾನು ಪಟ್ಟಿಯಿಂದಲೇ ತೆಗೆದುಹಾಕಿದೆ. ಕಾರ್ಡ್ ಒಳ್ಳೆಯದೇ, ಆದರೆ ಅದರ ಮಾನಿಟರ್ ಇವತ್ತು ಎಲ್ಲಿಂದ ತರೋದು? ಈ ಹಳೆಯ ಸಿಗ್ನಲ್‌ಗಳನ್ನು ಹೊಸ ಪರದೆಗೆ ತಿರುಗಿಸುವ ಚಿಕ್ಕ ಬೋರ್ಡುಗಳು ಸಿಗುತ್ತವೆ, ರಾಸ್ಪ್‌ಬೆರಿ ಪೈ ಜೀರೋ ಮೇಲೆ ಕೂರುವ ಆರ್‌ಜಿಬಿ2ಎಚ್‌ಡಿಎಂಐ ಥರದವು. ಹಳೆಯ ಕಾರ್ಡೇ ಬೇಕು ಅನ್ನುವವರಿಗೆ ಅದು ಸರಿ. ನನಗೆ ಮನೆಯಲ್ಲಿದ್ದ ಎಲ್‌ಸಿಡಿ ಮಾನಿಟರ್ ಸಾಕಿತ್ತು. ಅದರಲ್ಲಿ ವಿಜಿಎ ಪೋರ್ಟ್ ಇತ್ತು. ಅಲ್ಲಿಗೆ ಕಾರ್ಡ್ ಯಾವುದು ಅಂತ ತೀರ್ಮಾನ ಆದ ಹಾಗೆ.

ಆದರೆ ಎಕ್ಸ್‌ಟಿಗೆ ಎಲ್ಲ ವಿಜಿಎ ಕಾರ್ಡೂ ಆಗುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಐಎಸ್‌ಎ (ಹಳೆಯ ಪಿಸಿಗಳ ಸ್ಲಾಟಿನ ಮಾದರಿ) ಕಾರ್ಡುಗಳು 16 ಬಿಟ್‌ನವು. ಅವುಗಳಲ್ಲಿ ಕೆಲವು 8 ಬಿಟ್ ಸ್ಲಾಟಿನಲ್ಲಿ ತಾವೇ ಹೊಂದಿಕೊಳ್ಳುತ್ತವೆ, ಕೆಲವಕ್ಕೆ ಕಾರ್ಡಿನ ಮೇಲಿನ ಜಂಪರ್ (ಪಿನ್ ಜೋಡಿಸುವ ಪುಟ್ಟ ಟೋಪಿ) ಬದಲಿಸಬೇಕು, ಕೆಲವು ಏನು ಮಾಡಿದರೂ ಮಾತಾಡುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯ ಹಳೆ ಕಾರ್ಡುಗಳ ರಾಶಿಯಲ್ಲಿ ನಾನು ಹುಡುಕಿದ್ದು ಟ್ರೈಡೆಂಟ್ 9000ಐ ಚಿಪ್. ಎಕ್ಸ್‌ಟಿಯಲ್ಲಿ ಇದು ಓಡುತ್ತದೆ ಎಂಬ ಹೆಸರಿದೆ, 486ರ ಕಾಲದಲ್ಲಿ ಟ್ರೈಡೆಂಟ್ ನಮ್ಮಲ್ಲಿ ಧಾರಾಳವಾಗಿಯೂ ಬಂದಿತ್ತು. ಹುಟ್ಟಿನಿಂದಲೇ 8 ಬಿಟ್ ಆಗಿರುವ ಓಕ್ 037 ಅಥವಾ ಪ್ಯಾರಡೈಸ್ ಕಾರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು, ಯೋಚಿಸದೆ ತೆಗೆದುಕೊಳ್ಳಿ. 16 ಬಿಟ್ ಕಾರ್ಡಿನ ಹಿಂಬಾಲ ಸ್ಲಾಟಿನಿಂದ ಹೊರಗೆ ನೇತಾಡುತ್ತದೆ. ಅದರಿಂದ ತೊಂದರೆಯಿಲ್ಲ, ಅದರ ಕೆಳಗೆ ಬೋರ್ಡಿನ ಕೆಪಾಸಿಟರ್ ತಾಗುತ್ತದಾ ಅಂತ ಮಾತ್ರ ಬಗ್ಗಿ ನೋಡಿ.

ಇನ್ನೊಂದು ತೊಡಕು ಬಯೋಸ್, ಅಂದರೆ ಯಂತ್ರವನ್ನು ಎಬ್ಬಿಸುವ, ಚಿಪ್ಪಿನಲ್ಲೇ ಇರುವ ಪ್ರೋಗ್ರಾಂ. ವಿಜಿಎ ಕಾರ್ಡಿಗೆ ಅಂಥದ್ದೇ ಪ್ರೋಗ್ರಾಂ ಇರುವ ತನ್ನದೇ ರೋಮ್ (ROM, ಬರೆದದ್ದು ಅಳಿಯದ) ಚಿಪ್ ಇರುತ್ತದೆ, ನೆನಪಿನಲ್ಲಿ ಸಿ0000 ವಿಳಾಸದಲ್ಲಿ. ಯಂತ್ರ ಆನ್ ಆದಾಗ ಮದರ್‌ಬೋರ್ಡಿನ ಬಯೋಸ್ ಅದನ್ನು ಹುಡುಕಿ ಓಡಿಸಬೇಕು. ಎಕ್ಸ್‌ಟಿಗಳು ಹುಡುಕುತ್ತವೆ. ಮೊಟ್ಟಮೊದಲ ಐಬಿಎಂ ಪಿಸಿ 5150ರಲ್ಲಿ 1981ರ ಎರಡು ಬಯೋಸ್‌ಗಳೂ ಹುಡುಕುವುದಿಲ್ಲ. 1982ರ ಅಕ್ಟೋಬರ್ 27ರ ಬಯೋಸ್ ಬೇಕು, ಇಲ್ಲದಿದ್ದರೆ ಇಜಿಎ, ವಿಜಿಎ ಆಸೆ ಬಿಡಬೇಕು. ಜೊತೆಗೆ ಕೆಲವು ಕಾರ್ಡುಗಳ ಬಯೋಸ್‌ನಲ್ಲಿ 286ರ ಕಾಲದ ಆದೇಶಗಳಿರುತ್ತವೆ, 8088ಕ್ಕೆ ಅವು ತಿಳಿಯುವುದಿಲ್ಲ. ಎನ್‌ಇಸಿ ವಿ20 ಚಿಪ್ 8088ರ ಜಾಗದಲ್ಲೇ ಕೂರುತ್ತದೆ, ಅದಕ್ಕೆ 80186ರ ಆದೇಶಗಳೂ ಗೊತ್ತು. ಹಟ ಮಾಡುವ ಕಾರ್ಡಿದ್ದರೆ ಅದನ್ನು ಹಾಕಿ ನೋಡಬಹುದು. ನನಗೆ ಬೇಕಾಗಲಿಲ್ಲ.

ಕೊನೆಗೆ ಮದರ್‌ಬೋರ್ಡಿನ ಡಿಪ್ ಸ್ವಿಚ್, ಅಂದರೆ ಸಾಲಾಗಿರುವ ಪುಟ್ಟ ಸ್ವಿಚ್ಚುಗಳು. ಐಬಿಎಂ ಎಕ್ಸ್‌ಟಿಯಲ್ಲೂ ಅದರ ಹೆಚ್ಚಿನ ಕ್ಲೋನ್‌ಗಳಲ್ಲೂ 5 ಮತ್ತು 6ನೇ ಸ್ವಿಚ್ ಡಿಸ್‌ಪ್ಲೇಯದ್ದು. ಎರಡೂ ಆಫ್ ಅಂದರೆ ಮೋನೋ, ಎರಡೂ ಆನ್ ಅಂದರೆ ಇಜಿಎ ಅಥವಾ ವಿಜಿಎ. ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಹಾಕಿದೆ. ಐಬಿಎಂ ಬಯೋಸ್‌ನಲ್ಲಿ ಒಂದು ಉದ್ದ ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಾರ್ಡ್ ಸಿಕ್ಕಿಲ್ಲ ಅಂತ ಅರ್ಥ. ಒಂದೇ ಗಿಡ್ಡ ಬೀಪ್ ಬಂದು, ಫ್ಲಾಪಿ ಕರಗುಟ್ಟಿ, ಪರದೆ ಮಾತ್ರ ಕಪ್ಪಾಗಿದ್ದರೆ ಕಣ್ಣುಮುಚ್ಚಿ ಡಿಐಆರ್ (ಫ್ಲಾಪಿಯಲ್ಲಿರುವ ಫೈಲುಗಳ ಪಟ್ಟಿ ಕೇಳುವ ಆದೇಶ) ಟೈಪ್ ಮಾಡಿ ಎಂಟರ್ ಒತ್ತಿ. ಫ್ಲಾಪಿ ದೀಪ ಹತ್ತಿದರೆ ಯಂತ್ರ ಚೆನ್ನಾಗಿದೆ, ತಕರಾರು ಡಿಸ್‌ಪ್ಲೇಯದ್ದೇ.

ನನ್ನದು ಮೊದಲ ಸಲಕ್ಕೇ ಬಂತು, ಅಕ್ಷರ ಸ್ವಲ್ಪ ಮಸುಕಾಗಿ. ಅದು ಎಲ್‌ಸಿಡಿಯ ದೋಷ: ವಿಜಿಎ ಅಕ್ಷರದ ಪರದೆ 720x400, ಕೆಲವು ಎಲ್‌ಸಿಡಿಗಳು ಅದನ್ನು 640x400 ಅಂದುಕೊಳ್ಳುತ್ತವೆ. ಪ್ರೋಗ್ರಾಂ ಬರೆಯುವ ಟರ್ಬೋ ಸಿ ಆರಾಮಾಗಿ ನಡೆಯುತ್ತದೆ. 256 ಬಣ್ಣದ ಆಟ ಮಾತ್ರ ಆಮೆ. ಒಂದು ಪರದೆಗೆ 64,000 ಬೈಟ್, ಸಿಜಿಎಗೆ 16 ಕೆಬಿಯಲ್ಲಿ ಮುಗಿಯುತ್ತಿತ್ತು, ಪಾಪ 8088 ಎಷ್ಟು ಅಂತ ಹೊರುತ್ತೆ ಅಲ್ವಾ? ಸಿಜಿಎ ಚಿಪ್ಪಿನ ಒಳಗಿನ ರಿಜಿಸ್ಟರುಗಳನ್ನು (ಕಾರ್ಡನ್ನು ನಿಯಂತ್ರಿಸುವ ಖಾನೆಗಳು) ನೇರವಾಗಿ ಮುಟ್ಟುವ ಹಳೆಯ ಆಟಗಳೂ ವಿಜಿಎಯಲ್ಲಿ ಎಡವುತ್ತವೆ. ಅಂಥವೇ ಜಾಸ್ತಿ ಆಡುವವರು ಸಿಜಿಎ ಕಾರ್ಡೇ ಹಾಕಿ, ತಿರುಗಿಸುವ ಬೋರ್ಡಿಗೆ ದುಡ್ಡು ಕೊಡಿ.

ಕನ್ನಡದ ಬಗ್ಗೆಯೂ ಒಂದು ಮಾತು. ಹರ್ಕ್ಯುಲಿಸ್, ಸಿಜಿಎಗಳಲ್ಲಿ ಅಕ್ಷರದ ಆಕಾರ ಕಾರ್ಡಿನ ರೋಮ್‌ನಲ್ಲೇ ಕೂತಿದೆ, ಬದಲಿಸಲಾಗದು. ಇಜಿಎ, ವಿಜಿಎಗಳಲ್ಲಿ ನಮ್ಮದೇ ಅಕ್ಷರ ತುಂಬಬಹುದು, ಆದರೆ ಒಮ್ಮೆಗೆ 512 ಮಾತ್ರ, ಅದೂ ಎಂಟು ಚುಕ್ಕಿ ಅಗಲದಲ್ಲಿ. ಒತ್ತಕ್ಷರ ಎಲ್ಲಿ ಹಿಡಿಸುತ್ತೆ? ಆ ಕಾಲದ ಆಪರೇಟಿಂಗ್ ಸಿಸ್ಟಂ ಡಾಸ್‌ನಲ್ಲಿ ಕನ್ನಡ ಬೇಕಾದವರು ಆಗ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ, ಭಾರತೀಯ ಲಿಪಿ ತೋರಿಸುವ ಜಿಸ್ಟ್ ಕಾರ್ಡ್ ಬೇರೆಯಾಗಿ ಹಾಕಿಸಿಕೊಳ್ಳುತ್ತಿದ್ದರು. ಅದು ಎಲ್ಲಾದರೂ ಸಿಕ್ಕೀತೇ ಅಂತ ಈಗಲೂ ರಾಶಿ ಕೆದಕುತ್ತಿರುತ್ತೇನೆ.