ಹನ್ನೆರಡು ಮನೆ ಲೆಕ್ಕ: ನಮ್ಮ ಸಭೆಯ ಕಾಣಿಕೆ, ನನ್ನ ಅನುಭವ

ಬೀದರ್ ಜಿಲ್ಲೆ, ಭಾಲ್ಕಿ ಕಡೆಯ ಒಂದು ಹಳ್ಳಿ ಮೆಥೋಡಿಸ್ಟ್ ಸಭೆಗೆ, ಅಂದರೆ ಚರ್ಚಿಗೆ, ನಾನು ಸ್ಟೀವರ್ಡ್, ಹಣದ ಲೆಕ್ಕ ನೋಡಿಕೊಳ್ಳುವವನು. ಮೊದಲು ಶಾಲೆ ಮಾಸ್ತರ, ಈಗ ರಿಟೈರ್ಡ್. ನಮ್ಮದು ಸುಮಾರು 80 ಮನೆ. ಮುಕ್ಕಾಲು ಪಾಲು ಕೂಲಿಯವರು, ಉಳಿದವರಿಗೆ ಎರಡು ಮೂರು ಎಕರೆ ತೊಗರಿ, ಸೋಯಾ. ಆರು ವರ್ಷದ ಹಿಂದೆ ಭಾನುವಾರದ ಕಾಣಿಕೆ 400 ರೂಪಾಯಿ ದಾಟಿದರೆ ದೊಡ್ಡದು. ಈಗ ಸುಮ್ನೆ ಒಂದು ಭಾನುವಾರ ಅಂದರೂ 2,000ದ ಮೇಲೆ ಬರುತ್ತದೆ. ಆಗ ಇದು ಆಗದು ಅಂತ ತಲೆ ಅಲ್ಲಾಡಿಸಿದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಟ್ಟ ಕೆಲಸಗಳನ್ನು ಹೇಳಿಬಿಡುತ್ತೇನೆ.

ಮೊದಲ ವರ್ಷ ಕಾಣಿಕೆ ಹಾಕಿ ಕೊಡಲು ಕವರ್ ಮಾಡಿಸಿದೆ. ಮನೆಗೊಂದು ನಂಬರ್, ವರ್ಷಕ್ಕೆ 52 ಕವರ್. ಅಚ್ಚು ಹಾಕಿಸಲು 4,000ಕ್ಕೂ ಜಾಸ್ತಿ ಹೋಯಿತು. ಆಗ ಸಭೆಯ ಖಾತೆಯಲ್ಲಿ ಇದ್ದದ್ದೇ ಹತ್ತು ಸಾವಿರದ ಆಸುಪಾಸು. ಮೂರನೇ ತಿಂಗಳಿಗೆ ಬರುವ ಕವರ್ 15ಕ್ಕೆ ಇಳಿಯಿತು. ಜೊತೆಗೆ ಜನರೂ ಕಡಿಮೆಯಾದರು. ಯಾಕೆ ಅಂತ ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಒಬ್ಬ ಕೂಲಿ ಹೆಣ್ಣುಮಗಳು ಬಾವಿ ಹತ್ತಿರ ಸಿಕ್ಕಳು. "ಕವರ್ ಇಲ್ದ ಹ್ಯಾಂಗ್ ಬರ್ಲಿ ಮಾಸ್ತರ್ರ? ನನ್ನ ನಂಬರ್ ಖಾಲಿ ಇರ್ತದಲ್ರಿ" ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೇವರ ಮನೆಗೆ ಬರುವವರನ್ನು ನಾನೇ ಬಾಗಿಲಲ್ಲಿ ನಿಲ್ಲಿಸಿದ್ದೆ.

ಆಮೇಲೆ ಕೊಟ್ಟವರ ಹೆಸರು ಓದಿಸಿದೆವು. ಮೂರು ಮನೆಯವರು ಬರುವುದನ್ನೇ ಬಿಟ್ಟರು. ಅದನ್ನು ಎರಡೇ ತಿಂಗಳಿಗೆ ನಿಲ್ಲಿಸಿದೆ.

ಆಮೇಲೆ ಸುಗ್ಗಿ ಹಬ್ಬದ ಹರಾಜು, ಜನ ಕಾಣಿಕೆಯಾಗಿ ತಂದದ್ದನ್ನು ಸಭೆಗಾಗಿ ಕೂಗಿ ಮಾರುವುದು. ಒಂದು ಕುಂಬಳಕಾಯಿ 1,100ಕ್ಕೆ, ಒಂದು ಹುಂಜ 2,500ಕ್ಕೆ. ಪುಸ್ತಕದಲ್ಲಿ 38 ಸಾವಿರ. ಕೈಗೆ ಬಂದದ್ದು 20 ಸಾವಿರ ಇರಬಹುದು. ಉತ್ಸಾಹದಲ್ಲಿ ಕೂಗಿದವರು ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮುಖ ತಪ್ಪಿಸಿದರು. ಹಬ್ಬದ ಹೆಸರಲ್ಲಿ ಸಾಲಗಾರರನ್ನು ಮಾಡಿದ ಹಾಗಾಯಿತು.

ಇಷ್ಟಾದ ಮೇಲೆ ನಾನು ಮೆಥೋಡಿಸ್ಟರ ಚರಿತ್ರೆಯಲ್ಲಿ ಹಿಂದಕ್ಕೆ ಹೋದೆ, ಇಂಗ್ಲೆಂಡಿನ ಬ್ರಿಸ್ಟಲ್‌ಗೆ. ಕ್ಲಾಸ್ ಮೀಟಿಂಗ್, ಅಂದರೆ ಹತ್ತು ಹನ್ನೆರಡು ಜನರ ಗುಂಪು ಒಬ್ಬ ಲೀಡರ್ ಜೊತೆ ವಾರವಾರ ಸೇರುವುದು, ನಮ್ಮವರಿಗೆಲ್ಲ ಗೊತ್ತು. ಆದರೆ ಅದು ಶುರುವಾದದ್ದು ಸಾಲ ತೀರಿಸಲು ಅನ್ನುವುದನ್ನು ನಾವು ಮರೆತಿದ್ದೇವೆ. 1742ರಲ್ಲಿ ಅಲ್ಲಿಯ ಪ್ರಾರ್ಥನಾ ಮನೆ ಮೇಲೆ ಸಾಲ ಇತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಮಾತು ಬಂತು. ಬಡವರಿಗೆ ಅದೂ ಆಗದು ಅಂತ ಒಬ್ಬರು ಹೇಳಿದರು. ಆಗ ಕ್ಯಾಪ್ಟನ್ ಫಾಯ್ ಅನ್ನುವವರು, ತೀರಾ ಬಡವರಾದ 11 ಜನರನ್ನು ನನಗೆ ಕೊಡಿ, ವಾರವಾರ ಹೋಗುತ್ತೇನೆ, ಅವರಿಂದ ಆಗದಿದ್ದರೆ ನಾನೇ ಹಾಕುತ್ತೇನೆ ಅಂದರು. ಹಾಗೆ ಮನೆಮನೆಗೆ ಹೋದಾಗಲೇ ಜನರ ಬದುಕು ಹೇಗಿದೆ ಅಂತ ಕಣ್ಣಿಗೆ ಬಿತ್ತು. ದುಡ್ಡಿಗೆ ಹೋದವರು ಜನರನ್ನು ನೋಡಿಕೊಳ್ಳುವವರಾದರು.

ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯಲ್ಲಿ ಇದನ್ನು ಹೇಳಿದೆ. "ಅದು ಇಂಗ್ಲೆಂಡ್ ಮಾಸ್ತರ್ರ, ಇದು ಭಾಲ್ಕಿ" ಅಂದರು ಒಬ್ಬ ಹಿರಿಯರು. ಆದರೂ ಒಂದು ವರ್ಷ ಬಿಡಿ ಅಂತ ಹಟ ಹಿಡಿದೆ. ಹನ್ನೆರಡು ಮನೆಗೆ ಒಬ್ಬರಂತೆ ಏಳು ಜನ. ಲೀಡರ್ ವಾರಕ್ಕೊಮ್ಮೆ ಹೋಗಬೇಕು. ಬಾಯಿಬಿಟ್ಟು ದುಡ್ಡು ಕೇಳಬಾರದು. ಕೂತು ಕಷ್ಟ ಸುಖ ಕೇಳಬೇಕು, ಪ್ರಾರ್ಥನೆ ಮಾಡಬೇಕು. ಕೊಟ್ಟರೆ ಬರೆದುಕೊಳ್ಳಬೇಕು. ಕೊಡದಿದ್ದರೆ ಆ ಮನೆ ಪರವಾಗಿ ಲೀಡರೇ 10 ರೂಪಾಯಿ ಹಾಕಬೇಕು, ಅದನ್ನು ಯಾರಿಗೂ ಹೇಳಬಾರದು. ಮೊದಲ ಮೂರು ತಿಂಗಳು ಮನೆಗಳಿಂದ ಮೊದಲಿಗಿಂತ ಕಡಿಮೆ ಬಂತು. ನನ್ನ ಜೇಬಿನಿಂದಲೇ 1,400 ರೂಪಾಯಿ ಹೋಗಿರಬೇಕು. ನಾಲ್ಕನೇ ತಿಂಗಳು ತಿರುಗಿತು.

ಲೀಡರುಗಳನ್ನು ಹೇಗೆ ಆರಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಒಂದು ಭಾನುವಾರ ನಮ್ಮಲ್ಲಿಗೆ ಬಂದು ಕೂತು ನೋಡಲಿ. ಒಂದು ಮಾತ್ರ ಹೇಳಬಲ್ಲೆ, ಏಳರಲ್ಲಿ ನಾಲ್ವರು ಹೆಣ್ಣುಮಕ್ಕಳು. ನಮ್ಮ ಬೈಬಲ್ಲಿನಲ್ಲಿ ಸ್ಟೀವರ್ಡನಿಗೆ ಮನೆವಾರ್ತೆಯವನು ಅಂತ ಇದೆ ಅಲ್ವಾ? ದಿನಕ್ಕೆ 300 ರೂಪಾಯಿಯಲ್ಲಿ ಐದು ಹೊಟ್ಟೆ ನಡೆಸುವವರಿಗೆ ನಾನು ಮನೆವಾರ್ತೆ ಕಲಿಸಬೇಕಿಲ್ಲ.

ಎರಡನೇ ಕೆಲಸ ಗೋಡೆ. ಬಾಗಿಲ ಪಕ್ಕದ ಒಳಗೋಡೆಗೆ ಕಪ್ಪು ಬಣ್ಣ ಬಳಿಸಿದೆ, ಖರ್ಚು 300 ಚಿಲ್ಲರೆ. ಪ್ರತಿ ತಿಂಗಳ ಮೊದಲ ಭಾನುವಾರ ಬಂದದ್ದು, ಹೋದದ್ದು ಎಲ್ಲ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಪಾಸ್ಟರ ಸಂಬಳ, ಕರೆಂಟ್ ಬಿಲ್, ಕಾನ್ಫರೆನ್ಸಿಗೆ (ನಮ್ಮ ಸಭೆಗಳ ಮೇಲಿನ ಆಡಳಿತಕ್ಕೆ) ಕಳಿಸಿದ ಪಾಲು, ಪ್ರಭು ಭೋಜನದ ದ್ರಾಕ್ಷಾರಸ, ಕಸಬರಿಗೆ. ಎರಡನೇ ತಿಂಗಳೋ ಏನೋ, ಒಂಬತ್ತನೇ ಕ್ಲಾಸಿನ ಹುಡುಗಿ ಗೋಡೆ ಮುಂದೆ ಬೆರಳು ಎಣಿಸುತ್ತಾ ನಿಂತಿದ್ದಳು. "ಸರ್, ಖರ್ಚು 40 ರೂಪಾಯಿ ಜಾಸ್ತಿ ಬರ್ದೀರಿ" ಅಂದಳು. ಕೂಡಿ ನೋಡಿದೆ, ಅವಳು ಹೇಳಿದ್ದೇ ಸರಿ. ಎಲ್ಲರ ಮುಂದೆ ಒರೆಸಿ ತಿದ್ದಿದೆ, ಚಾಕ್ ಅವಳ ಕೈಗೇ ಕೊಟ್ಟು ಮೊತ್ತ ಬರೆಸಿದೆ. ಹಿಂದಿನ ಬೆಂಚಿನ ಗಂಡಸರು ಎದ್ದು ಬಂದು ಓದಿದರು, ಓದು ಬಾರದವರಿಗೆ ಓದಿ ಹೇಳಿದರು. ಮುಂದಿನ ವಾರದ ಕಾಣಿಕೆ ತಟ್ಟೆ ಎಷ್ಟೋ ವರ್ಷದಲ್ಲಿ ಮೊದಲ ಸಲ ಸಾವಿರ ದಾಟಿತು.

ಮೂರನೆಯದಕ್ಕೆ ಜಗಳವೇ ಆಯಿತು. ಸಭೆಗೆ ಬಂದದ್ದರಲ್ಲಿ ಹತ್ತನೇ ಒಂದು ಭಾಗ ಹೊರಗೆ ಹೋಗಬೇಕು ಅಂದೆ. ಜನರಿಗೆ ದಶಮಾಂಶ ಅಂತ ಬೋಧಿಸಿ ಸಭೆ ಮಾತ್ರ ಎಲ್ಲ ಇಟ್ಟುಕೊಂಡರೆ ಹೇಗೆ? ಆ ತಿಂಗಳು ಪಕ್ಕದ ಓಣಿಯಲ್ಲಿ ಒಂದು ಗುಡಿಸಲು ಸುಟ್ಟಿತ್ತು. ಅವರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ಆ ತಿಂಗಳ ಪಾಲಿಗೆ ಇನ್ನಷ್ಟು ಸೇರಿಸಿ 1,500 ಕೊಡಿಸಿದೆ. "ನಮ್ಮ ತಗಡೇ ಸೋರ್ತದ" ಅಂತ ಕಮಿಟಿಯಲ್ಲಿ ಕೂಗಾಟ. ಆದರೆ ಆ ಹಣವನ್ನು ಕೈಯಾರೆ ತಲುಪಿಸಿ ಬಂದ ಇಬ್ಬರು ಹುಡುಗರು ಮುಂದಿನ ವಾರ ತಾವಾಗಿಯೇ ತಮ್ಮ ಕೂಲಿಯಲ್ಲಿ 200, 200 ತಂದಿಟ್ಟರು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ರೊಟ್ಟಿ ಹಿಟ್ಟಿಗೆ ಜೋಳ ಅಳೆಯುವಾಗ ದಿನಾ ಒಂದು ಹಿಡಿ ಡಬ್ಬಿಗೆ. ಮೊದಲ ವರ್ಷ ಎಲ್ಲ ಒಂದೇ ಚೀಲಕ್ಕೆ ಸುರಿದೆವು, ಒಂದು ಮನೆಯ ಹುಳ ಎಲ್ಲದಕ್ಕೂ ಹತ್ತಿತು. ಒಂದು ಕ್ವಿಂಟಾಲ್‌ನಷ್ಟು ಹಾಳು. ಈಗ ಬಿಸಿಲಿಗೆ ಹಾಕಿ, ಬೇವಿನ ಎಲೆ ಇಟ್ಟು, ಹದಿನೈದು ದಿನಕ್ಕೊಮ್ಮೆ ಖಾಲಿ ಮಾಡುತ್ತೇವೆ. ಮಾರುವುದಿಲ್ಲ, ಮೂರು ವಿಧವೆಯರ ಮನೆಗೆ ಹೋಗುತ್ತದೆ. ಕೋಳಿಮರಿ ಹಂಚಿ ನೋಡಿದೆ. ರೋಗ ಬಂದು ಅರ್ಧ ಸತ್ತವು, ಕೈಬಿಟ್ಟೆ. ಹೈದರಾಬಾದಿಗೆ ಕೆಲಸಕ್ಕೆ ಹೋದ ಹುಡುಗರಿಗೆ ಫೋನ್‌ಪೇ ಬೇಕಿತ್ತು. ನನ್ನ ನಂಬರಿಗೇ ಹಾಕಿ ಅಂದದ್ದು ನನ್ನ ತಪ್ಪು, ಒಂದೇ ವಾರದಲ್ಲಿ ಮಾತು ಬಂತು. ಸಭೆಯ ಹೆಸರಲ್ಲಿ ಖಾತೆ, ಮೂವರ ಸಹಿ ಮಾಡಿಸಿದ ಮೇಲೆ ಸರಿಹೋಯಿತು. ಅಲ್ಲಿಂದಲೇ ತಿಂಗಳಿಗೆ ಮೂರು ನಾಲ್ಕು ಸಾವಿರ ಬರುತ್ತದೆ. ಗೋಡೆಯ ಫೋಟೋ ಅವರಿಗೂ ಹೋಗುತ್ತದೆ.

ಕಾನ್ಫರೆನ್ಸಿಗೆ ಮೂರು ವರ್ಷದ ಬಾಕಿ ಇತ್ತು, 18 ಸಾವಿರ ಅಂತ ನೆನಪು. ಅದನ್ನು ಪೂರ್ತಿ ಕಟ್ಟಿದೆವು. ನಮ್ಮ ಸಭೆಗಳ ಮೇಲ್ವಿಚಾರಕರಾದ ಡಿ.ಎಸ್. (ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್) ಅವರು ರಸೀದಿಯನ್ನು ಎರಡು ಸಲ ನೋಡಿದರು. ಸಂತೋಷವಾಯಿತು, ಯಾಕೆ ಮುಚ್ಚಿಡಲಿ. ಈಗ ಉಳಿದಿರುವುದು ಆ ಸೋರುವ ತಗಡು. ಮೇಸ್ತ್ರಿ 1 ಲಕ್ಷ 60 ಸಾವಿರ ಹೇಳಿದ್ದಾರೆ, ಖಾತೆಯಲ್ಲಿ 70 ಸಾವಿರದ ಹತ್ತಿರ ಇದೆ. ಮಳೆಗಾಲಕ್ಕೆ ಮುಂಚೆ ಅರ್ಧ ಛಾವಣಿ ಬದಲಿಸುತ್ತೇವೆ. ಬಾವಿ ಹತ್ತಿರ ಸಿಕ್ಕ ಆ ಹೆಣ್ಣುಮಗಳು ಈಗ ಐದನೇ ಗುಂಪಿನ ಲೀಡರ್. ಹಳೇ ತಗಡು ಇಳಿಸುವ ಕೂಲಿ ನಮ್ಮ ಹನ್ನೆರಡು ಮನೆಯದು, ಅದನ್ನು ಗೋಡೆ ಮೇಲೆ ಖರ್ಚು ಅಂತ ಬರೀಬ್ಯಾಡ್ರಿ ಅಂತ ಹೋದ ವಾರ ಹೇಳಿ ಹೋಗಿದ್ದಾಳೆ.