ಗ್ರೇಂಜ್ ಹಾಲ್ ಕಿಟಕಿ ರಿಪೇರಿ: ನನ್ನ ಅನುಭವ

ನಾವಿರೋದು ಅಮೆರಿಕದ ವರ್ಮಾಂಟ್ ಕಡೆ. ಇಲ್ಲಿ ಸುಮಾರು ಹಳ್ಳಿಗಳಲ್ಲಿ ಗ್ರೇಂಜ್ ಹಾಲ್ ಅಂತ ಹಳೇ ಮರದ ಕಟ್ಟಡ ಇರುತ್ತೆ, ಗ್ರೇಂಜ್ ಅಂದ್ರೆ 1867ರಲ್ಲಿ ಆಲಿವರ್ ಕೆಲ್ಲಿ ಮತ್ತೆ ಅವರ ಜೊತೆಯವರು ಶುರು ಮಾಡಿದ ರೈತರ ಸಂಘ. ರೈಲು ಕಂಪನಿಗಳು, ಧಾನ್ಯದ ಗೋದಾಮಿನವರು ಮನಸ್ಸಿಗೆ ಬಂದ ರೇಟು ಹಾಕ್ತಿದ್ದ ಕಾಲ ಅದು, ಸಂಘದ ರೈತರೆಲ್ಲ ಒಟ್ಟಾಗಿ ಆ ರೇಟಿಗೆ ಕಡಿವಾಣ ಹಾಕೋ ಕಾನೂನು ತರಿಸಿದ್ರು, 1877ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡೀತು. ಹೆಂಗಸರಿಗೂ ಮೊದಲಿಂದಲೇ ಸಂಘದಲ್ಲಿ ಸರಿಸಮ ವೋಟು, ದೇಶದಲ್ಲಿ ಅದು ಬಂದಿದ್ದು 1920ಕ್ಕೆ. ಇಂಥ ಜಾಗ ಉಳೀಬೇಕು ಅಂತ ನನಗೆ ತುಂಬಾ ಆಸೆ.

ನಮ್ಮೂರ ಹಾಲ್‌ನಲ್ಲಿ ಕೆಳಗೆ ಅಡುಗೆಮನೆ, ಊಟದ ಜಾಗ, ಮೇಲೆ ಸಭೆ ಮತ್ತೆ ಸ್ಟೇಜು. ಕಿಟಕಿಗಳು ಗಾಳಿಗೆ ಗಡಗಡ ಅನ್ನೋವು, ಎಲ್ಲಾ ಕಿತ್ತು ಪ್ಲಾಸ್ಟಿಕ್ ಕಿಟಕಿ ಹಾಕ್ಸೋಣ ಅಂತ ಮಾತು ಬಂತು. ಬೇಡವೇ ಬೇಡ ಅಂದೆ. ಹಳೇ ಕಿಟಕಿಯ ಮರ ಗಟ್ಟಿ, ಪ್ರತಿ ಭಾಗಾನೂ ಬೇರೆ ಬೇರೆ ಬಿಚ್ಚಬಹುದು, ಹಾಳಾಗಿದ್ದಷ್ಟೇ ಬದಲಾಯಿಸಿದ್ರೆ ಸಾಕು.

ಮೊದಲು ಪೇಂಟ್ ಟೆಸ್ಟ್ ಮಾಡಿದ್ವಿ, 1978ಕ್ಕೆ ಮುಂಚಿನ ಮನೆ ಪೇಂಟ್‌ನಲ್ಲಿ ಸೀಸ ಇರೋ ಸಾಧ್ಯತೆ ಜಾಸ್ತಿ, ಅದರ ಧೂಳು ವಿಷ, ಅದಕ್ಕೇ ಒಣಗಿದ್ದನ್ನ ಉಜ್ಜಲೇಬಾರದು, ನೀರು ಚಿಮುಕಿಸಿ ಕೆರೀಬೇಕು, ಮುಖಕ್ಕೆ ಒಳ್ಳೇ ಫಿಲ್ಟರ್ ಮಾಸ್ಕ್ ಇರ್ಬೇಕು. ಇವು ಮೇಲೆ ಕೆಳಗೆ ಸರಿಸೋ ಕಿಟಕಿ, ಅಂಚಿನ ಪಟ್ಟಿ ಬಿಚ್ಚಿ ಗಾಜಿನ ಚೌಕಟ್ಟನ್ನ ಈಚೆಗೆ ತೆಗೆದ್ರೆ ಗೋಡೆಯೊಳಗೆ ಹಗ್ಗಕ್ಕೆ ಕಟ್ಟಿರೋ ಕಬ್ಬಿಣದ ಗುಂಡು ಸಿಗುತ್ತೆ, ಅದರ ಭಾರಕ್ಕೇ ಕಿಟಕಿ ಎತ್ತಿದ ಕಡೆ ನಿಲ್ಲೋದು. ಹಗ್ಗ ಎಲ್ಲಾ ಸವೆದು ಹೋಗಿತ್ತು, ಹೊಸ ಹತ್ತಿ ಹಗ್ಗ ಹಾಕಿದ್ವಿ.

ಗಾಜನ್ನ ಚೌಕಟ್ಟಿಗೆ ಕೂರಿಸೋಕೆ ಮೆತ್ತಿರೋ, ಕಲ್ಲಿನಂತಾಗಿದ್ದ ಹಳೇ ಪುಟ್ಟಿಗೆ (ಎಣ್ಣೆ ಕಲಸಿದ ಮೆತ್ತು) ಹಬೆ ಕೊಟ್ರೆ ಮೆತ್ತಗಾಗುತ್ತೆ, ಆಗ ಗಾಜು ಒಡೀದೆ ಬರುತ್ತೆ. ಆ ಗಾಜಲ್ಲಿ ಸಣ್ಣ ಅಲೆ ಇರುತ್ತೆ, ಹೊರಗಿನ ಮರಗಳು ತೇಲಿದ ಹಾಗೆ ಕಾಣುತ್ತೆ, ದಯವಿಟ್ಟು ಎಸೀಬೇಡಿ. ಆಮೇಲೆ ಪೇಂಟು, ಪುಟ್ಟಿ ಹೋಗಿ ಬೋಳಾದ ಮರಕ್ಕೆ ಅಗಸೆ ಎಣ್ಣೆ ಹಚ್ಚಲೇಬೇಕು, ಇಲ್ಲಾಂದ್ರೆ ಒಣ ಮರ ಪುಟ್ಟಿಯಲ್ಲಿರೋ ಎಣ್ಣೇನ ಹೀರಿ ಪುಟ್ಟಿ ಬಿರುಕು ಬಿಡುತ್ತೆ. ತೆಳ್ಳಗೆ ಪುಟ್ಟಿ ಹಾಸಿ, ಗಾಜು ಒತ್ತಿ, ಸಣ್ಣ ತಗಡಿನ ಮೊಳೆ ಕೂರಿಸಿ, ಮೇಲೆ ಮತ್ತೆ ಪುಟ್ಟಿ ತುಂಬಿ ಚಾಕು ಓರೆ ಹಿಡಿದು ಒಂದೇ ಉಸಿರಿಗೆ ಎಳೀಬೇಕು. ಪುಟ್ಟಿ ಮೇಲೆ ಪದರ ಕಟ್ಟಿದ ಮೇಲೆ ಪೇಂಟು, ಅದೂ ಗಾಜಿನ ಮೇಲೆ ಒಂಚೂರು ಹತ್ತೋ ಹಾಗೆ, ಆಗ ಮಳೆನೀರು ಸಂದಿಗೆ ಇಳಿಯಲ್ಲ.

ಅಗಸೆ ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೇಲಿ ಬಿಡಬೇಡಿ, ತಾನಾಗೇ ಕಾದು ಬೆಂಕಿ ಹತ್ತಬಹುದು, ಮರದ ಕಟ್ಟಡ ಬೇರೆ. ನೀರು ತುಂಬಿದ ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿಡಿ.